ಬೇಲೆಕೇರಿಯಲ್ಲಿ ಉಳಿದಿದ್ದ ಅರ್ಧ ಕಲ್ಲು

ರೈಲು ಕಾರವಾರ ತಲುಪಿದಾಗ ಜಿಟಿಜಿಟಿ ಮಳೆ. ಬಸ್ ನಿಲ್ದಾಣದಲ್ಲಿ ಬನ್ಸ್ ತಿಂದು ಅಂಕೋಲೆಯ ಬಸ್ಸು ಹತ್ತಿದೆ. ಬೇಲೆಕೇರಿಯಲ್ಲಿ ನನ್ನ ತಾಯಿಯ ತಂಗಿ, ಮಾವಶಿ, ಇದ್ದಾಳೆ. ಅವಳ ಮನೆಯಲ್ಲಿದ್ದ ಒಂದು ಕಲ್ಲಿಗಾಗಿ ಹೊರಟಿದ್ದೆ.

ಅದು ಹೆಮಟೈಟ್, ಕಬ್ಬಿಣದ ಅದಿರು. ಬಂದರಿಗೆ ಅದಿರು ಬರುತ್ತಿದ್ದ ಕಾಲದಲ್ಲಿ ಲಾರಿಯಿಂದ ಬಿದ್ದದ್ದನ್ನು ಮಾವಶಿಯ ಗಂಡ ಹೊಳಪು ಕಂಡು ಎತ್ತಿಟ್ಟಿದ್ದರು. ಅದರಲ್ಲಿ ಅರ್ಧವನ್ನು ನಾನು ಸಂಶೋಧನೆಗೆ ಒಯ್ದಿದ್ದೆ. ಇಂಥ ವಸ್ತುವಿನಲ್ಲಿ ಕಬ್ಬಿಣದ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತ. ಒಂದು ಈ ಕಡೆ, ಪಕ್ಕದ್ದು ಆ ಕಡೆ ಮುಖ ಮಾಡಿ ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಹೊರಗೆ ಉಳಿಯುವುದು ತೀರ ಕ್ಷೀಣ ಸೆಳೆತ. ಅದನ್ನು ವರ್ಷಗಟ್ಟಲೆ ಅಳೆದಿದ್ದೆ. ಒಳಗಿನ ಆ ಅಯಸ್ಕಾಂತಗಳ ಸಾಲನ್ನೇ ಕಾಣಲು ನ್ಯೂಟ್ರಾನ್ ಕಿರಣ ಹಾಯಿಸಬೇಕು. ಆ ಕಿರಣ ಸಿಗುವ ರಿಯಾಕ್ಟರಿನಲ್ಲಿ ಕಾದು ಕಾದು ಸರದಿ ಸಿಕ್ಕಿತ್ತು. ಅಷ್ಟರಲ್ಲಿ, ಪರೀಕ್ಷೆಗೆಂದು ತಂಪುಗೊಳಿಸುವಾಗ, ಆ ಅರ್ಧ ಕಲ್ಲಿನಿಂದ ತೆಗೆದಿದ್ದ ನನ್ನ ಹರಳು ಸೀಳಿ ಪುಡಿಯಾಯಿತು. ಬೇರೆ ಕಲ್ಲಾದರೆ ಹಳೆಯ ಅಳತೆಗಳೆಲ್ಲ ವ್ಯರ್ಥ. ಫೋನಿನಲ್ಲಿ ಮಾವಶಿ, "ಕಲ್ಲು ಅದೆ, ಬಾ ಮಗಾ" ಎಂದಿದ್ದಳು.

ಅವರ್ಸಾ ದಾಟಿ, ಹೆದ್ದಾರಿಯಲ್ಲೇ ಇಳಿದು ಊರೊಳಗೆ ನಡೆದೆ. ಮಳೆಗಾಲವೆಂದು ದೋಣಿಗಳನ್ನು ದಡಕ್ಕೆಳೆದು ಮುಚ್ಚಿದ್ದರು. ಮಾವಶಿ ಗಂಜಿ, ಹುರಿದ ಬಂಗುಡೆ ಮೀನು ಬಡಿಸಿದಳು.

"ಕಲ್ಲೆಲ್ಲಿ?"

"ಬಚ್ಚಲಲ್ಲಿ ನೋಡು. ಅವ್ರು ತೀರ್ಕಂಡ ಮೇಲೆ ಹಂಡೆ ಕೂರ್ಸುಕೆ ಒಲೆಗೆ ಇಟ್ಕಂಡೆ. ಗಟ್ಟಿ ಕಲ್ಲು, ಒಡೀಲೇ ಇಲ್ಲ."

ಊಟ ಬಿಟ್ಟು ಬಚ್ಚಲಿಗೆ ಓಡಿದೆ. ತೆಂಗಿನ ಸಿಪ್ಪೆಯ ಬೆಂಕಿ, ಹೊಗೆಯಲ್ಲಿ ವರ್ಷಾನುಗಟ್ಟಲೆ ಬೆಂದರೆ ಹೆಮಟೈಟ್ ಬೇರೆಯೇ ಖನಿಜವಾಗುತ್ತದೆ, ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಖನಿಜ. ಮಸಿ ತೊಳೆದು, ಚೀಲದಲ್ಲಿದ್ದ ಅಯಸ್ಕಾಂತ ಹಿಡಿದೆ. ಟಕ್ಕನೆ ಕಚ್ಚಿಕೊಂಡಿತು. ತಿರುಳಾದರೂ ಉಳಿದಿರಬಹುದೆಂದು ಸುತ್ತಿಗೆಯಿಂದ ಒಡೆದೆ. ಒಂದೊಂದು ಚೂರೂ ಹಾರಿ ಬಂದು ಅಂಟಿತು.

"ಅಂಟ್ತಲೆ! ಚಲೋ ಆಯ್ತಲ್ಲ?" ಮಾವಶಿ ಹಿಗ್ಗಿದಳು.

"ಇಲ್ಲ ಮಾವಶಿ, ಅಂಟಬಾರದಿತ್ತು."

ಅವಳು ಅಯಸ್ಕಾಂತದಿಂದ ಒಂದು ಚೂರು ಬಿಡಿಸಿ ನೋಡಿದಳು. "ನಂಗೆ ಗೊತ್ತಾಗ್ಲಿಲ್ಲಲೆ ಮಗಾ."

ನಿನ್ನ ತಪ್ಪಲ್ಲ ಎಂದೆ. ಅವಳು ನಂಬಲಿಲ್ಲ.

ಹೆದ್ದಾರಿಯವರೆಗೂ ಕೊಡೆ ಹಿಡಿದು ಬಂದಳು. ಬಸ್ಸಿಗೆ ಕಾಯುತ್ತ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಕಲ್ಲು ಹಾಳಾದದ್ದನ್ನು ಹೇಳಿದೆ. ಅವರು, "ಸರದಿ ಬಿಟ್ಟುಕೊಡೋಣ. ಮತ್ತೆ ಸಿಗೋ ಹೊತ್ತಿಗೆ ನಿಮ್ಮ ಫೆಲೋಶಿಪ್ ಮುಗಿದಿರುತ್ತೆ" ಎಂದರು.

"ಇನ್ನು ಎಂತ ಮಾಡ್ತೆ?" ಮಾವಶಿ ಕೇಳಿದಳು. ಬಸ್ಸು ಬಂತು. ಹಿಂದಿನ ಕಿಟಕಿಯಿಂದ ನೋಡಿದೆ. ತಿರುವು ಬರುವತನಕ ಅವಳು ಕೈ ಬೀಸಲಿಲ್ಲ, ನಾನೂ ಬೀಸಲಿಲ್ಲ.