ಪೊನ್ನಪ್ಪನವರ ಕಾರಿನಲ್ಲಿ ನನ್ನ ಚಾಕು

ಈಚೆಗೆ ಯಾರಾದರೂ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ, ಹತ್ತುವ ಮೊದಲು ನಾನು ಜೇಬು ತಡವಿಕೊಳ್ಳುತ್ತೇನೆ. ಹಣವಿದೆಯೇ ಎಂದಲ್ಲ, ಚಾಕು ಇಲ್ಲವಷ್ಟೆ ಎಂದು.

ಪೆನ್ಸಿಲ್ ಹೆರೆಯಲು ನನ್ನ ಬಳಿ ಒಂದು ಮಡಚುವ ಚಾಕುವಿತ್ತು. ಅದರ ಅಲಗು ನನ್ನ ಕಿರುಬೆರಳಿಗಿಂತ ಗಿಡ್ಡ. ಕೊಡಗಿನ ಪಾಲಿಬೆಟ್ಟದ ಹತ್ತಿರ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ನಮ್ಮ ಹಿರಿಯರು ದೇವಸ್ಥಾನದ ಪೂಜೆಯವರು. ತೆಂಗಿನಕಾಯಿಗಿಂತ ದೊಡ್ಡ ಶತ್ರುವನ್ನು ನಮ್ಮ ವಂಶದಲ್ಲಿ ಯಾರೂ ಎದುರಿಸಿದ್ದಿಲ್ಲ. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಏಕೆಂದರೆ ನನ್ನನ್ನು ಆಯುಧಧಾರಿ ಎಂದು ಕರೆದವರೂ ಇದ್ದಾರೆ.

ಆ ದಿನ ಪಕ್ಕದ ತೋಟದ ಪೊನ್ನಪ್ಪನವರು ತಮ್ಮ ಬಂಧುವಿನ ಮದುವೆಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆದಿಂಡನ್ನು ಒಂದೇ ಏಟಿಗೆ ಕಡಿಯುವ ಪದ್ಧತಿಯುಂಟು. ಆ ಗೌರವ ಈ ಸಲ ಅವರಿಗೆ ಬಂದಿತ್ತು. ಕಪ್ಪು ಕುಪ್ಪಸದ ಮೇಲೆ ಕೆಂಪು ರೇಷ್ಮೆಯ ನಡುಕಟ್ಟು, ಅದರಲ್ಲಿ ಬೆಳ್ಳಿ ಕೆಲಸದ ಪೀಚೆಕತ್ತಿ. ಹಿಂದಿನ ಸೀಟಿನಲ್ಲಿ ಅವರ ತಾಯಿ ಮುತ್ತವ್ವನವರು. ಅವರ ಪಕ್ಕದಲ್ಲಿ ಕೋವಿ, ಕಾಲ ಬಳಿ ಬಾಳೆ ಕಡಿಯುವ ಒಡಿಕತ್ತಿ. ನಾನು ಮುಂದೆ ಕುಳಿತಿದ್ದೆ. ಕಾರು ಗುಂಡಿಗೆ ಇಳಿದಾಗಲೆಲ್ಲ ಜೇಬಿನ ಚಾಕು ತೊಡೆಗೆ ಒತ್ತುತ್ತಿತ್ತೆಂದು ಅದನ್ನು ತೆಗೆದು ಕಾರಿನ ಮುಂದಿನ ಗೂಡಿನಲ್ಲಿಟ್ಟೆ. ನಾನು ಮಾಡಿದ್ದು ಇಷ್ಟೇ. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಅಮ್ಮತ್ತಿ ಬರುವ ಮೊದಲು ಪೊಲೀಸರು ಕಾರು ನಿಲ್ಲಿಸಿದರು. ಯಾರೋ ಎಸ್ಟೇಟುಗಳ ಕಾಫಿ ಮೂಟೆಗಳನ್ನು ಚಾಕುವಿನಿಂದ ಕುಯ್ದು ಕದಿಯುತ್ತಿದ್ದಾರೆಂದು ದೂರು ಬಂದಿತ್ತು. ಇನ್ಸ್‌ಪೆಕ್ಟರು ಮಂಗಳೂರು ಕಡೆಯಿಂದ ಹೊಸದಾಗಿ ಬಂದವರು.

“ಕೋವಿ ಯಾರದು?”

“ನನ್ನದು,” ಎಂದರು ಪೊನ್ನಪ್ಪ.

“ಸರಿ. ಆ ಕತ್ತಿ?”

“ನಮ್ಮ ಮನೆಯದು.”

“ಸರಿ. ಅಮ್ಮನ ಕಾಲಿಗೆ ತಾಗೀತು, ಜಾಗ್ರತೆ.”

ಇದರಲ್ಲಿ ವಿಚಿತ್ರವೇನಿಲ್ಲ. ಕೊಡವರಿಗೆ ಆಯುಧದ ಕಾಯಿದೆಯಿಂದ ಸರ್ಕಾರವೇ ವಿನಾಯಿತಿ ಕೊಟ್ಟಿದೆ. ಇಲ್ಲಿ ಗಂಡುಮಗು ಹುಟ್ಟಿದ್ದನ್ನೂ ಊರಿಗೆ ಕೋವಿಯೇ ತಿಳಿಸುತ್ತದೆ. ಯಾರಾದರೂ ಸತ್ತದ್ದನ್ನೂ ಅದೇ ತಿಳಿಸುತ್ತದೆ. ದೇವತೆಗಳನ್ನು ಬಿಟ್ಟರೆ ಲೈಸೆನ್ಸಿಲ್ಲದೆ ಇಷ್ಟು ಆಯುಧ ಹಿಡಿದು ಫೋಟೋಕ್ಕೆ ನಿಲ್ಲಬಲ್ಲವರು ಇವರೇ ಇರಬೇಕು. ಆದರೆ ಇನ್ಸ್‌ಪೆಕ್ಟರು ಗೂಡು ತೆರೆದರು.

“ಇದು ಯಾರದು?”

ನನ್ನದೆಂದೆ. ನಿಜ ಹೇಳಿದರೆ ಕೆಡುಕಾಗದು ಎಂದು ಕಲಿಸಿದವರು ಕಾರಿನಲ್ಲಿ ಓಡಾಡಿದವರಲ್ಲ.

“ನೀವು ಕೊಡವರಾ?”

“ಅಲ್ಲ.”

“ಇದು ಯಾಕೆ ಮಡಚುತ್ತದೆ?”

ಯಾವ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆಯೋ ನನಗೆ ಗೊತ್ತಿಲ್ಲ. ಅವರೇ ಹೇಳಿದರು: ಉದ್ದದ ಕತ್ತಿ ಎಲ್ಲರಿಗೂ ಕಾಣುತ್ತದೆ, ಅದರಲ್ಲಿ ಮೋಸವಿಲ್ಲ, ಮಡಚುವ ಕತ್ತಿ ಅಡಗಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಫಿರಂಗಿಯಷ್ಟು ಸಾಧು ಪದಾರ್ಥ ಇನ್ನೊಂದಿಲ್ಲ. ಆದರೆ ಆಗ ನನಗೆ ನಗು ಬರಲಿಲ್ಲ. ಮೂಟೆ ಕುಯ್ಯುವವರ ಹುಡುಕಾಟದಲ್ಲಿ ಎಸ್ಟೇಟಿನ ರೈಟರೇ ಚಾಕು ಸಮೇತ ಸಿಕ್ಕಿದ್ದಾನೆ. ಕೇಸಾದರೆ ನಮ್ಮ ದೊರೆ ತೀರ್ಪಿಗೆ ಕಾಯುವವನಲ್ಲ. ಅಂದೇ ಕೆಲಸ ಹೋಗುತ್ತದೆ, ಕೆಲಸದ ಜೊತೆ ಇರುವ ಮನೆಯೂ.

“ಚಾಕು ಇದ್ದದ್ದು ಕೊಡವರ ಕಾರಿನಲ್ಲಲ್ಲವೇ ಸ್ವಾಮಿ?” ಎಂದು ಮೆಲ್ಲಗೆ ಕೇಳಿದೆ.

ಇನ್ಸ್‌ಪೆಕ್ಟರು ಕಾರನ್ನು ಒಂದು ಸುತ್ತು ನೋಡಿ ಬಂದರು. “ಕಾರು ಕೊಡವ ಅಲ್ಲ. ಇಂಗ್ಲೆಂಡಿನದ್ದು.”

ಆದರೂ ಅವರು ಕೆಟ್ಟವರಲ್ಲ. ಪೊನ್ನಪ್ಪನವರ ಕಡೆ ತಿರುಗಿ, “ನಿಮ್ಮದು ಅಂತ ಒಂದು ಮಾತು ಹೇಳಿಬಿಡಿ ಮಾರಾಯ್ರೆ. ನಾನೂ ಊಟಕ್ಕೆ ಹೋಗ್ತೇನೆ,” ಎಂದರು.

ಪೊನ್ನಪ್ಪ ನನಗಾಗಿ ಹುಲಿಯ ಎದುರು ನಿಲ್ಲಬಲ್ಲವರು. ಚಾಕುವನ್ನು ನೋಡಿದರು. ಅವರ ಮೀಸೆ ನಡುಗಿತು.

“ಎಂತ, ನನ್ನದಾ? ಇದಾ? ಮದುವೆ ಮನೆಯಲ್ಲಿ ಕೇಳ್ತಾರೆ, ಪೊನ್ನಪ್ಪ ಈಗ ಇಷ್ಟುದ್ದದ ಕತ್ತಿ ಹಿಡೀತಾನಾ ಅಂತ. ಮತ್ತೆ ನನ್ನನ್ನು ಬಾಳೆ ಕಡೀಲಿಕ್ಕೆ ಯಾರು ಕರೀತಾರೆ? ರೈಟರೇ, ಬೇಜಾರು ಮಾಡ್ಬೇಡಿ. ಬೇರೆ ಏನಾದರೂ ಕೇಳಿ.”

ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಕಾನ್‌ಸ್ಟೇಬಲ್ ನನ್ನ ತೋಳಿಗೆ ಕೈಹಾಕಿದ್ದ. ಆಗ ಹಿಂದಿನ ಸೀಟಿನಿಂದ ಮುತ್ತವ್ವನವರು ಇನ್ಸ್‌ಪೆಕ್ಟರನ್ನು ಮಗುವೆಂದು ಕರೆದು ಕೈ ಚಾಚಿದರು.

“ಅದು ನನ್ನದು ಕುಂಞಿ. ಅಡಿಕೆಗೆ. ಕೊಡು ಇತ್ತ.”

“ಅಲ್ಲಮ್ಮ, ಈಗಷ್ಟೆ ಇವರು ತನ್ನದು ಅಂದರಲ್ಲ?”

“ಅವರ ಮಾತು ಬಿಡು. ಪೊಲೀಸು ಗದರಿಸಿದರೆ ನಿನ್ನ ಲಾಠಿಯೂ ತನ್ನದೇ ಅಂತ ಒಪ್ಪಿಕೊಳ್ಳುವ ಮನುಷ್ಯ.”

ಇದು ನನ್ನ ಬಗ್ಗೆ ಈತನಕ ಯಾರೂ ಕೊಟ್ಟಿರದಷ್ಟು ಸರಿಯಾದ ಸಾಕ್ಷ್ಯ. ಮುತ್ತವ್ವನವರು ಅವರ ಕೈಯಿಂದ ನನ್ನ ಚಾಕು ತೆಗೆದುಕೊಂಡು, ಸಂಚಿ ಬಿಚ್ಚಿ, ಅದರಿಂದಲೇ ಅಡಿಕೆ ಹೋಳು ಮಾಡಿ, ಎಲೆ ಮಡಿಸಿ ಇನ್ಸ್‌ಪೆಕ್ಟರಿಗೆ ನೀಡಿದರು. ಮದುವೆಗೆ ಹೊರಟ ಹಿರಿಯಳು ಕೊಟ್ಟ ವೀಳ್ಯವನ್ನು ಬೇಡವೆನ್ನಲು ಯಾವ ಕಾಯಿದೆಯೂ ಅಧಿಕಾರ ಕೊಡುವುದಿಲ್ಲ. ಇನ್ಸ್‌ಪೆಕ್ಟರು ಬಾಯಿಗೆ ಹಾಕಿಕೊಂಡರು. ಬಾಯಿ ತುಂಬಿದ ಮೇಲೆ ಕಾನೂನು ಮಾತಾಡಲಾಗಲಿಲ್ಲ. ಕೈಸನ್ನೆಯಲ್ಲೇ ಹೋಗಿ ಎಂದರು.

ಮದುವೆ ಮುಗಿದು ಮರಳುವಾಗ ಚಾಕು ಕೇಳಿದೆ. ಮುತ್ತವ್ವನವರು ತಲೆಯಾಡಿಸಿದರು.

“ಸರ್ಕಾರದ ಎದುರು ನನ್ನದು ಅಂದಾಯ್ತಲ್ಲ ರೈಟರೇ. ನಿಮ್ಮ ಕೈಗೆ ಕೊಟ್ಟರೆ ತಿರುಗಿ ಅದು ಅಪರಾಧ. ಅಲ್ಲದೆ ಒಳ್ಳೆ ಹರಿತ ಉಂಟು.”

ಹಾಗೆ ನನ್ನ ಕೆಲಸ ಉಳಿಯಿತು, ಚಾಕು ಹೋಯಿತು. ಅವರ ಮನೆಗೆ ಹೋದಾಗಲೆಲ್ಲ ಅವರು ಅದರಿಂದಲೇ ಅಡಿಕೆ ಕತ್ತರಿಸಿ ನನಗೂ ವೀಳ್ಯ ಕೊಡುತ್ತಾರೆ. ಜಗತ್ತಿನ ದೊಡ್ಡ ದೇಶಗಳು ಯಾರು ಮೊದಲು ಆಯುಧ ಕೆಳಗಿಡಬೇಕೆಂದು ಸಭೆಯ ಮೇಲೆ ಸಭೆ ನಡೆಸುತ್ತಿವೆಯೆಂದು ಪತ್ರಿಕೆಯಲ್ಲಿ ಓದುತ್ತೇನೆ. ಆ ಆಯುಧಗಳನ್ನೆಲ್ಲ ಮುತ್ತವ್ವನವರ ಸಂಚಿಗೆ ಹಾಕಿಬಿಡಬಹುದು ಎಂಬುದು ನನ್ನ ಸಲಹೆ. ವಾಪಸು ಸಿಗುವುದಿಲ್ಲ. ಆದರೆ ಎಲ್ಲರಿಗೂ ಒಂದೊಂದು ವೀಳ್ಯವಾದರೂ ಸಿಗುತ್ತದೆ, ಜಗಿಯುವಷ್ಟು ಹೊತ್ತು ಯಾರೂ ಮಾತಾಡಲಾರರು.