ಅಬ್ಬಿಗೆರೆಯಿಂದ ಬಂದ ಎಡಗಡೆಯ ಸ್ಪೀಕರ್

ಗಂಗಾನಗರದ ಗಯಾಸ್ ಅವರ ಮನೆಯಲ್ಲಿ ಬಹಳ ವರ್ಷ ಒಂದೇ ಒಂದು ಸ್ಪೀಕರ್ ಇತ್ತು. ತೇಗದ ದೊಡ್ಡ ಪೆಟ್ಟಿಗೆ, ಮುಂದೆ ಕಂದು ಬಟ್ಟೆ. ಅದರ ಜೋಡಿ ಇದ್ದದ್ದು ಅಬ್ಬಿಗೆರೆಯಲ್ಲಿ, ಗೆಳೆಯ ಮುನಿಕೃಷ್ಣಪ್ಪನವರ ಮನೆಯಲ್ಲಿ.

ಎರಡನ್ನೂ ಅವರಿಬ್ಬರೇ ಸೇರಿ ಮಾಡಿದ್ದು, ಇನ್ನೂ ಮದುವೆಯಾಗದ ಕಾಲದಲ್ಲಿ. ಗಯಾಸ್ ಆಗ ತಂದೆಯ ಶೆಡ್‌ನಲ್ಲಿ ಮರಗೆಲಸ ಕಲಿಯುತ್ತಿದ್ದರು. ಮುನಿಕೃಷ್ಣಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ರಜೆ ಸಿಕ್ಕಾಗಲೆಲ್ಲ ಒಬ್ಬರು ಹಲಗೆ ಹೆರೆದರು, ಇನ್ನೊಬ್ಬರು ತಂತಿ ಬೆಸೆದರು. ಪೆಟ್ಟಿಗೆಯೊಳಗೆ ತುಂಬಲು ಗಯಾಸರ ತಾಯಿ ಹಳೆಯ ಹಾಸಿಗೆಯ ಹತ್ತಿ ಕೊಟ್ಟಿದ್ದರು. ಮೊದಲ ಸಲ ಹಾಡು ಹಾಕಿದ ಸಂಜೆ ಅರ್ಧ ಬೀದಿಯೇ ಶೆಡ್ಡಿನ ಬಾಗಿಲಿಗೆ ಬಂದು ನಿಂತಿತ್ತು.

ಮೊದಲು ಮದುವೆಯಾದವರು ಮುನಿಕೃಷ್ಣಪ್ಪ. ಬೇರೆ ಮನೆ ಮಾಡಿ ಅಬ್ಬಿಗೆರೆಗೆ ಹೊರಟಾಗ ಸ್ಪೀಕರ್ ಯಾರಿಗೆ ಎಂಬ ಮಾತು ಬಂತು. 'ಎರಡೂ ನೀನೇ ಇಟ್ಕೊ' ಎಂದು ಇವರು, 'ಇಲ್ಲ, ನೀನೇ ಇಟ್ಕೊ' ಎಂದು ಅವರು. ಯಾರೂ ಸೋಲಲಿಲ್ಲ. ಕೊನೆಗೆ ಒಂದೊಂದು ಹಂಚಿಕೊಂಡರು. ಗಯಾಸ್ ತಮ್ಮದನ್ನು ಆಂಪ್ಲಿಫೈಯರ್‌ನ ಬಲಗಡೆಗೆ ಸಿಕ್ಕಿಸಿದರು. ಎಡಗಡೆ ಖಾಲಿ ಉಳಿಯಿತು. ಎಡಗಡೆಯಿಂದ ಬರಬೇಕಾದ ಪಿಟೀಲು ಕೆಲವು ಹಾಡುಗಳಲ್ಲಿ ಕೇಳಿಸುತ್ತಲೇ ಇರಲಿಲ್ಲ. ಅದೂ ಅಭ್ಯಾಸವಾಗಿ ಹೋಯಿತು.

ಹೋದ ವರ್ಷ ಅಬ್ಬಿಗೆರೆಯ ಹಳೆಯ ಮನೆ ಒಡೆಯಬೇಕಾಗಿ ಬಂತು. ಸಾಮಾನೆಲ್ಲ ಬಾಡಿಗೆ ಮನೆಗೆ ಹೋಯಿತು. ಸ್ಪೀಕರನ್ನು ಮಾತ್ರ ಮುನಿಕೃಷ್ಣಪ್ಪ ಆಟೋದಲ್ಲಿ ತಬ್ಬಿಕೊಂಡು ಕೂತು ಗಂಗಾನಗರಕ್ಕೆ ತಂದರು.

"ಲೋ ಗಯಾಸ್, ಹಿಡ್ಕೊಳೋ, ಸೊಂಟ ಹೋಯ್ತು!"

"ಇಷ್ಟು ಭಾರ ಇತ್ತೇನೋ ಇದು?"

"ನೀನೇ ತಾನೇ ಮಾಡಿದ್ದು. ನನ್ನ ಕೇಳ್ತೀಯಾ?"

ಇಬ್ಬರೂ ಸೇರಿ ಟಿ.ವಿ.ಯ ಎರಡೂ ಪಕ್ಕ ಪೆಟ್ಟಿಗೆ ನಿಲ್ಲಿಸಿ ತಂತಿ ಎಳೆದರು. ಹಾಡು ಬಂತು, ಆದರೆ ಟೊಳ್ಳಾಗಿ ಬಂತು. ತಬಲಕ್ಕೆ ತೂಕವೇ ಇರಲಿಲ್ಲ. ಗಯಾಸರ ಮುಖ ಬಾಡಿತು. ಮುನಿಕೃಷ್ಣಪ್ಪ ಬಗ್ಗಿ ಹಿಂದೆ ನೋಡಿದರು.

"ಕೆಂಪು, ಕಪ್ಪು ತಂತಿ ಅದಲುಬದಲು ಆಗೈತೆ ಕಣೋ. ಇಂಗಿದ್ರೆ ಒಂದು ಗಾಳೀನ ಮುಂದಕ್ಕೆ ತಳ್ದಾಗ ಇನ್ನೊಂದು ಹಿಂದಕ್ಕೆ ಎಳೀತದೆ."

ತಂತಿ ಬದಲಿಸಿದ್ದೇ ತಬಲ ಎದೆಗೆ ಬಂದು ಬಡಿಯಿತು. ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದ ಮೇಲೆ ಗುಂಯ್ ಎನ್ನುವುದೂ ನಿಂತಿತು. ಎರಡಕ್ಕೂ ಸಮದೂರದಲ್ಲಿ, ಸೋಫಾದ ನಡುವೆ, ಗಯಾಸರ ಹೆಂಡತಿ ಫರೀದಾರನ್ನು ಕೂರಿಸಿದರು. ಹಾಡುವವರು ಟಿ.ವಿ.ಯ ಜಾಗದಲ್ಲೇ ನಿಂತಿದ್ದಾರೇನೋ ಅನ್ನಿಸಿತು.

ಹುಮ್ಮಸ್ಸು ಬಂದು ಗಯಾಸ್ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಹೊರಗೆಳೆದರು. ಅದರಲ್ಲಿ ಅವರ ಮದುವೆಯದೂ ಒಂದಿತ್ತು. ಅದನ್ನು ರೆಕಾರ್ಡ್ ಮಾಡಿದವರು ಮುನಿಕೃಷ್ಣಪ್ಪನವರೇ. ಗಂಡಸರ ಕಡೆ ಒಂದು ಮೈಕು, ಹೆಂಗಸರ ಕಡೆ ಒಂದು ಮೈಕು ಇಟ್ಟಿದ್ದರು. ಮನೆಯಲ್ಲಿ ಹಾಕಿದಾಗ ಕೇಳಿಸಿದ್ದು ಗಂಡಸರ ಮಾತು, ಕೆಮ್ಮು, ನಿಕಾಹ್ ಅಷ್ಟೆ. ಫರೀದಾರ ತಾಯಿ ಮದುವೆಯ ರಾತ್ರಿ ಢೋಲಕ್ ಬಾರಿಸಿ ಹಾಡಿದ್ದರು. ಆ ಹಾಡು ಎಲ್ಲೂ ಇರಲಿಲ್ಲ. ಹೆಂಗಸರ ಕಡೆಯ ಮೈಕು ಕೆಟ್ಟಿತ್ತೆಂದೇ ಎಲ್ಲರೂ ತಿಳಿದಿದ್ದರು. ಕ್ಯಾಸೆಟ್ ಮೂಲೆ ಸೇರಿತು. ಹಾಡಿದ ಆ ತಾಯಿಯೂ ತೀರಿಕೊಂಡರು.

ಈಗ ಅದನ್ನು ಹಾಕಿದರು. ಬಲಗಡೆ ಗಂಡಸರ ಗದ್ದಲ ಎಂದಿನಂತೆ ಶುರುವಾಯಿತು. ಎಡಗಡೆ ಬಳೆಯ ಸದ್ದು, ಯಾರದೋ ನಗು, ಆಮೇಲೆ ಢೋಲಕ್. ಅದರ ಮೇಲೆ ಒಂದು ದಪ್ಪ ದನಿ ಎದ್ದಿತು.

"ಅಮ್ಮಿ!" ಎಂದರು ಫರೀದಾ.

ಹಾಡು ಮುಂದುವರಿದಂತೆ ಫರೀದಾರ ತುಟಿಗಳು ಅದರ ಜೊತೆಗೇ ಆಡತೊಡಗಿದವು. ಕಣ್ಣೊರೆಸಿಕೊಂಡು ಅವರು ಮುನಿಕೃಷ್ಣಪ್ಪನವರ ಕಡೆ ತಿರುಗಿದರು.

"ಅಣ್ಣಾ, ನೀವು ಸರಿಯಾಗಿ ರೆಕಾರ್ಡ್ ಮಾಡ್ಲಿಲ್ಲ ಅಂತ ಎಷ್ಟು ಬೈಕೊಂಡಿದ್ದೆ ಗೊತ್ತಾ?"

"ಗೊತ್ತು ಬಿಡಮ್ಮ. ನಾನೂ ಅಂಗೇ ಅಂದ್ಕೊಂಡಿದ್ದೆ."

ಆ ದಿನ ಅವರು ಕ್ಯಾಸೆಟ್ಟನ್ನು ಮತ್ತೆ ಮತ್ತೆ ತಿರುಗಿಸಿ ಕೇಳಿದರು. ಅಬ್ಬಿಗೆರೆಯಲ್ಲಿ ಈಗ ಹೊಸ ಮನೆ ಎದ್ದಿದೆ. ಸ್ಪೀಕರ್ ಅಲ್ಲಿಗೆ ಮರಳಿ ಹೋಗಲಿಲ್ಲ. ಬದಲಿಗೆ ಮುನಿಕೃಷ್ಣಪ್ಪ ಹೆಂಡತಿಯನ್ನು ಕರೆದುಕೊಂಡು ಆಗಾಗ ಗಂಗಾನಗರಕ್ಕೆ ಬರುತ್ತಾರೆ. ಫರೀದಾ ಚಹಾ ತಂದಿಟ್ಟು, ಸೋಫಾದ ನಡುವಿನ ಜಾಗವನ್ನು ಆಕೆಗೆ ಬಿಟ್ಟುಕೊಡುತ್ತಾರೆ.