ಅಕ್ಕನ ದಾರಿಗೆ ಅಡ್ಡ ಬಂದ ನನ್ನ ಕಾಗದ

ಆಂಜನೇಯಸ್ವಾಮಿಯನ್ನು ನಂಬಿದ ನಿಮಗೆಲ್ಲ ನಮಸ್ಕಾರ. ಭಕ್ತರು ತಮಗೆ ಬಂದ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ನಾನು ಹೇಳಬೇಕಾಗಿರುವುದು ಇನ್ನೊಬ್ಬರಿಗೆ ನಾನೇ ತಂದಿಟ್ಟ ಕಷ್ಟವನ್ನು.

ಆಗ ನಾನು ಶ್ರೀನಿವಾಸಪುರದಲ್ಲಿ ಶಾಲೆಯ ಮೇಷ್ಟ್ರು. ಮುಳಬಾಗಿಲಿನ ನರಸಮ್ಮಕ್ಕ ಕನ್ನಡ, ತೆಲುಗು ಎರಡರಲ್ಲೂ ಹರಿಕಥೆ ಮಾಡುತ್ತಿದ್ದರು. ಹನ್ನೆರಡು ವರ್ಷ ಅವರ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸಿದವನು ನಾನು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಮಲೇಷಿಯಾದ ರಬ್ಬರ್ ತೋಟಗಳಲ್ಲಿ ನೆಲೆಸಿದ್ದ ತೆಲುಗು ಜನ ಅವರನ್ನು ಕರೆಸಿಕೊಂಡರು. ಆರು ತಿಂಗಳು ತೋಟದಿಂದ ತೋಟಕ್ಕೆ ಹೋಗಿ ಮಕ್ಕಳಿಗೆ ರಾಮನ ಕಥೆ ಹೇಳಬೇಕಂತೆ. ಅಕ್ಕನಿಗೆ ಇಂಗ್ಲಿಷ್ ಬಾರದು. ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನೆಲ್ಲ ತುಂಬಿಕೊಟ್ಟವನು ನಾನೇ. ನನ್ನನ್ನೂ ಕರೆದೊಯ್ಯುತ್ತಾರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆದರೆ ಅಕ್ಕ ಹೊರಟದ್ದು ತಂಗಿಯ ಮಗಳು ಪದ್ಮಳನ್ನು ಕರೆದುಕೊಂಡು. “ನಿಂಗೆ ಅಷ್ಟು ದಿನ ರಜ ಯಾರು ಕೊಡ್ತಾರೋ ನಾಯನಾ?” ಎಂದರು. ನಾನು ನಕ್ಕು ಬಸ್ ಹತ್ತಿಸಿದೆ.

ಅದೇ ವಾರ ಆ ದೇಶದ ಅಧಿಕಾರಿಗಳಿಗೆ ಹೆಸರಿಲ್ಲದ ಒಂದು ಕಾಗದ ಬರೆದೆ. ಈ ಹೆಂಗಸು ಹರಿಕಥೆಯ ನೆಪದಲ್ಲಿ ತೋಟದ ಕೂಲಿಗಳನ್ನು ಸರ್ಕಾರದ ಮೇಲೆ ಎತ್ತಿಕಟ್ಟಲು ಬಂದಿದ್ದಾಳೆ ಎಂದು. ಕೋಲಾರಕ್ಕೆ ಹೋಗಿ ಅಂಚೆಗೆ ಹಾಕಿ ಬಂದೆ. ಹೊಟ್ಟೆಕಿಚ್ಚು ಎಂಬ ಮಾತು ಆಗ ಮನಸ್ಸಿಗೆ ಹೊಳೆಯಲಿಲ್ಲ. ನ್ಯಾಯ ಮಾಡಿದೆ ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಅಕ್ಕನ ತಮ್ಮ ವೆಂಕಟೇಶಪ್ಪ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಪದ್ಮಳ ಕಾಗದ. “ಮೇಷ್ಟ್ರೇ, ಅಕ್ಕನ ಪಾಸ್‌ಪೋರ್ಟ್ ಕಿತ್ಕೊಂಡವ್ರಂತೆ. ಇಳಿದಿರೋ ಊರು ಬಿಟ್ಟು ಕದಲೋ ಹಂಗಿಲ್ಲ, ವಾಪಸ್ ಬರೋ ಹಂಗೂ ಇಲ್ಲ. ಯಾವನೋ ಪಾಪಿ ಇಲ್ಲಿಂದ ಮೂಗರ್ಜಿ ಬರ್ದವ್ನೆ. ಡೆಲ್ಲಿಗೆ ನೀವೇ ಒಂದು ಅರ್ಜಿ ಬರ್ಕೊಡಿ” ಎಂದ.

ಬರೆದುಕೊಟ್ಟೆ. ನನ್ನದೇ ಸುಳ್ಳಿನ ವಿರುದ್ಧ ನನ್ನದೇ ಇಂಗ್ಲಿಷ್‌ನಲ್ಲಿ. ಅವನು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮಲೇಷಿಯಾದಲ್ಲಿರುವ ಭಾರತದ ಹೈಕಮಿಷನ್ ಕಚೇರಿಯಿಂದ ಉತ್ತರ ಬಂತು. ನರಸಮ್ಮನವರ ಪರವಾಗಿ ಎರಡು ಬಾರಿ ಮಾತಾಡಿದ್ದೇವೆ, ಧರ್ಮಪ್ರಚಾರಕ್ಕೆ ಬಂದ ನಮ್ಮ ಪ್ರಜೆಯನ್ನು ಕಾರಣವಿಲ್ಲದೆ ತಡೆಯಬಾರದೆಂದು ಕೇಳಿದ್ದೇವೆ, ಆದರೆ ಆ ದೂರು ಸುಳ್ಳೆಂದು ತೋರಿಸಲು ನಮ್ಮ ಬಳಿ ಏನೂ ಇಲ್ಲ ಎಂದಿತ್ತು.

ಅಂದಿನಿಂದ ದಿನವೂ ಶಾಲೆ ಬಿಟ್ಟೊಡನೆ ಬಸ್ ಹಿಡಿದು ಮುಳಬಾಗಿಲಿನ ಆಂಜನೇಯನ ಗುಡಿಗೆ ಹೋಗುತ್ತಿದ್ದೆ. “ಅಕ್ಕನನ್ನು ಬಿಡಿಸು ತಂದೆ, ನನ್ನ ಹೆಸರು ಮಾತ್ರ ಹೊರಗೆ ಬರದಿರಲಿ” ಎಂದು ಬೇಡುತ್ತಿದ್ದೆ. ಹೀಗೆ ಒಂದು ತಿಂಗಳು ಕಳೆಯಿತು. ಏನೂ ಆಗಲಿಲ್ಲ.

ಒಂದು ಶನಿವಾರ ಪ್ರದಕ್ಷಿಣೆ ಹಾಕುತ್ತ ಅದೇ ಬೇಡಿಕೆ ಹೇಳಲು ಹೋದೆ. “ನನ್ನ ಹೆಸರು” ಎಂಬಲ್ಲಿಗೆ ಬಾಯಿ ಕಟ್ಟಿಹೋಯಿತು. ಎಷ್ಟು ಯತ್ನಿಸಿದರೂ ಮುಂದಿನ ಮಾತು ಬರಲಿಲ್ಲ. ಅಲ್ಲೇ ಕಲ್ಲಿನ ನೆಲದ ಮೇಲೆ ಕುಸಿದು ಕೂತೆ. ಅಂದು ಜೊತೆಗೆ ಬಂದಿದ್ದ ನನ್ನ ಹೆಂಡತಿ ಮುನಿರತ್ನ ಹೆದರಿ ಓಡಿಬಂದಳು. ಅವಳ ಮುಂದೆ ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆಮೇಲೆ, “ದೇವ್ರಿಗೆ ಮೊದ್ಲೇ ಗೊತ್ತು ಕಣ್ರೀ. ಗೊತ್ತಿಲ್ದೋರ ಹತ್ರ ಹೋಗಿ ಹೇಳಿ. ನಾನೂ ಬರ್ತೀನಿ” ಎಂದಳು.

ಸೋಮವಾರ ಇಬ್ಬರೂ ಕೋಲಾರದ ಜಿಲ್ಲಾ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿಯ ಮುಂದೆ ತಪ್ಪೊಪ್ಪಿಗೆ ಬರೆದು, ಹೆಸರು, ಊರು, ಶಾಲೆ ಎಲ್ಲ ಕಾಣಿಸಿ ಸಹಿ ಹಾಕಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಕೆಲ್ಸ ಹೋಗಬಹುದು ಮೇಷ್ಟ್ರೇ, ಯೋಚ್ನೆ ಮಾಡಿದೀರಾ?” ನಾನು ಹೆಂಡತಿಯ ಕಡೆ ತಿರುಗಿದೆ. ಅವಳು, “ಕಳ್ಸಿ ಸಾರ್” ಎಂದಳು.

ಆ ಕಾಗದ ಡೆಲ್ಲಿಯ ಮೂಲಕ ಹೈಕಮಿಷನ್‌ಗೆ ಮುಟ್ಟಿತು. ಅಲ್ಲಿನ ನಮ್ಮ ಅಧಿಕಾರಿಯೊಬ್ಬರು ಅದನ್ನು ಹಿಡಿದು ತಾವೇ ವಲಸೆ ಕಚೇರಿಗೆ ಹೋಗಿ ಕೂತರಂತೆ. ಪಾಸ್‌ಪೋರ್ಟ್ ಕೈಗೆ ಬಂತು. ಅಷ್ಟೇ ಅಲ್ಲ, ತಡೆದಿದ್ದ ದಿನಗಳನ್ನೂ ಸೇರಿಸಿ ವೀಸಾ ಮುಂದುವರಿಸಿದರು. ಅಕ್ಕ ಉಳಿದ ತೋಟಗಳಿಗೆಲ್ಲ ಹೋಗಿ ಕಥೆ ಮುಗಿಸಿಯೇ ಹೊರಟರು. ನನಗೆ ಇಲಾಖೆಯ ವಿಚಾರಣೆಯಾಗಿ ಮಾಲೂರಿನ ಕಡೆಗೆ ವರ್ಗವಾಯಿತು. ಕೆಲಸ ಉಳಿಯಿತು.

ಅಕ್ಕ ಬಂದ ದಿನ ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಜನ ಹಾರ ಹಿಡಿದು ಕಾದಿದ್ದರು. ನಾನು ಎಲ್ಲರ ಹಿಂದೆ ನಿಂತಿದ್ದೆ. ವೆಂಕಟೇಶಪ್ಪ ನನ್ನನ್ನು ಕಂಡು ಮುಖ ತಿರುಗಿಸಿದ. ಅಕ್ಕನೇ ಗುಂಪು ದಾಟಿ ಬಂದರು.

“ನಿನ್ ತಪ್ಪೊಪ್ಪಿಗೆ ಕಾಗ್ದಾನ ಆಪೀಸರು ತೆಲುಗಿನಲ್ಲಿ ಓದಿ ಹೇಳಿದ್ರು ಕಣೋ. ಅತ್ತುಬಿಟ್ಟೆ” ಎಂದರು. ಕೊರಳ ಹಾರ ಸರಿಮಾಡಿಕೊಂಡು, “ಆ ಮೂಗರ್ಜೀನೂ ಓದಿದ್ರು” ಎಂದರು.

ಅವರ ಕಾಲಿಗೆ ಬಿದ್ದೆ. “ಏಳೋ, ಬಸ್ಸು ಹಿಂದಕ್ಕೆ ಬರ್ತೈತೆ” ಎಂದು ಅವರೇ ತೋಳು ಹಿಡಿದು ಎತ್ತಿದರು.

ನಾನು ಎರಡು ಬೇಡಿದ್ದೆ. ಸ್ವಾಮಿ ಒಂದನ್ನು ನಡೆಸಿಕೊಟ್ಟ, ಇನ್ನೊಂದನ್ನು ನನ್ನ ಬಾಯಲ್ಲೇ ತಡೆದ. ತಡೆದದ್ದೇ ದೊಡ್ಡ ಕೃಪೆ ಎಂದು ತಿಳಿಯಲು ವರ್ಷಗಳು ಬೇಕಾದವು. ನಾಚಿಕೆ ಇನ್ನೂ ಹೋಗಿಲ್ಲ, ಹೋಗಲಿ ಎಂದು ಬೇಡುವುದೂ ಇಲ್ಲ. ಗುಡಿಗೆ ಹೋದಾಗ ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿ ಕೈಮುಗಿಯುತ್ತೇನೆ.